ಭೂಮಿಯ ಬುಟ್ಟಿಯಲ್ಲಿ ಕಾಡು ಸೂರ್ಯಕಾಂತಿ

ಗುಡ್ನಾಪುರ
14-10-2025

ನನ್ನ ಮಗಳು ಭೂಮಿಕಾಗೆ ಅವ್ವನ ಆಶೀರ್ವಾದ.

ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದಿದ್ದೇನೆ. ಹಬ್ಬ ಕಳೆದು ವಾರವಾಯಿತು, ತಡವಾಯಿತೆಂದು ಸಿಟ್ಟಾಗಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಹೇಳಬೇಕಾದದ್ದು ಬಿಟ್ಟು ಮಳೆ ಬೆಳೆಯ ಮಾತಾಡಿ ಇಟ್ಟುಬಿಡುತ್ತೇನೆ. ಕಾಲಿನ ಬಾವು ಇಳಿಯಿತೇ? ಸಿದ್ದಾಪುರದಲ್ಲಿ ನಿನ್ನ ಗಂಡ ಸುಹಾಸ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆಂದು ಅಲ್ಲಿಗೆ ಬಂದು ಹೋಗುವ ನಿನ್ನ ಗೆಳತಿ ಮಮತಾ ಹೇಳಿದಳು. ಅಷ್ಟು ಸಾಕು ನನಗೆ.

ಶಾಲೆ ಪ್ರವಾಸಕ್ಕೆ ಹೋದಾಗ ಯಲ್ಲಾಪುರದ ರಸ್ತೆ ಬದಿಯಿಂದ ಒಂದು ಕೋಲು ಮುರಿದು ತಂದು ನಮ್ಮ ಗದ್ದೆ ಬದುವಿಗೆ ಊರಿದ್ದೆಯಲ್ಲ, ಆ ಕಾಡು ಸೂರ್ಯಕಾಂತಿಯ ಉಪದ್ರ ಕೇಳು. ನೀನು ಜಾತಿ ಬಿಟ್ಟು ಮದುವೆಯಾದೆಯೆಂಬ ಸಿಟ್ಟಿಗೆ ನಿನ್ನ ಅಪ್ಪ ಹೋದ ಮಳೆಗಾಲದಲ್ಲಿ ಆ ಗಿಡವನ್ನು ಬುಡಕ್ಕೇ ಕಡಿದರು. ಕಡಿದ ಕೋಲುಗಳನ್ನು ಬದುವಿನುದ್ದಕ್ಕೂ ಎಸೆದರು. ಮಳೆಗೆ ಒಂದೊಂದು ತುಂಡೂ ಬೇರು ಬಿಟ್ಟು ಈಗ ಬದುವಿಡೀ ಆಳೆತ್ತರ ಹಳದಿ ಹೂ. ಅಣ್ಣ ಕಡಿದದ್ದಲ್ಲ, ನೆಟ್ಟದ್ದು ಎಂದು ದಾಕ್ಷಾಯಿಣಿ ಅತ್ತೆ ನಗಾಡಿದಳು.

ನಗುವುದಕ್ಕೇನೋ ಸರಿ, ಭೂಮಿ ಹುಣ್ಣಿಮೆಗೆ ಗದ್ದೆಗೆ ಬೀರುವ ಸೊಪ್ಪಿನ ಅಡುಗೆ, ಆ ಹಚ್ಚಂಬಲಿಗೆ ಸೊಪ್ಪು ಸಿಗದೆ ಪರದಾಡಿದೆ. ಅದಕ್ಕೆ ನೂರೊಂದು ಬಗೆ ಕುಡಿ ಬೇಕು, ಬದುವಿನ ಸೊಪ್ಪೆಲ್ಲ ಈ ಗಿಡದಡಿ ಸತ್ತಿದೆ. ಸಿಕ್ಕಷ್ಟು ಕೊಯ್ದು, ನಿನ್ನ ಗಿಡದ ಒಂದು ಹಿಡಿ ಕುಡಿಯನ್ನೂ ಸೇರಿಸಿ ಬೇಯಿಸಿದೆ. ಬೇಕಂತಲೇ ಸೇರಿಸಿದೆ. ಬಸುರಿ ಭೂಮಿಗೆ ಬಯಕೆ ಬಡಿಸುವ ದಿನ ನಿನ್ನದೂ ಒಂದು ಅದರಲ್ಲಿರಲಿ ಎನಿಸಿತು.

ಗದ್ದೆಗೆ ಹೋಗಿ ಬೀರಲೆಂದು ಹಚ್ಚಂಬಲಿಯ ಬುಟ್ಟಿಗೆ ಕೈ ಹಾಕಿದ ನಿನ್ನ ಅಪ್ಪ ಬೆರಳು ಮೂಸಿ ನೋಡಿದರು. ಅದರ ಕಟು ವಾಸನೆ ಬೆಂದರೂ ಹೋಗಿರಲಿಲ್ಲ.

“ಇದು ಹೊರಗಿಂದ ಬಂದದ್ದು. ತಾಯಿಗೆ ಆಗಾದಿಲ್ಲ” ಎಂದು ಬುಟ್ಟಿ ಕೆಳಗಿಟ್ಟರು.

ನನಗೆ ತಡೆಯಲಾಗಲಿಲ್ಲ. “ಮಣ್ಣು ಬಸುರಿ ಅಂತ ಬುಟ್ಟಿ ಹೊತ್ಕಂಡು ಬಂದೀರಿ. ಮಗಳೂ ಬಸುರಿ, ಅವಳಿಗೆ ಎಂತ ಬಡಿಸ್ತೀರಿ?” ಎಂದು ಕೇಳಿಯೇಬಿಟ್ಟೆ.

ಬುಟ್ಟಿ ಅಲ್ಲೇ ಬಿಟ್ಟು ಮನೆಗೆ ನಡೆದರು. ನಿನ್ನ ತಮ್ಮ ಸತೀಶನೇ ಗದ್ದೆಗೆಲ್ಲ ಬೀರಿ ಬಂದ. ಕೆರಿಯಣ್ಣ ಭೂಮಿಗೆ ಬಡಿಸದ ಹಬ್ಬ ಇದೇ ಮೊದಲು ಎಂದು ನಿನ್ನ ಅಪ್ಪನ ಬಗ್ಗೆ ಕೇರಿಯಲ್ಲೆಲ್ಲ ಅದೇ ಮಾತು. ಅಂದಿನಿಂದ ಅವರು ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ.

ನಿನಗೆ ನನ್ನ ಕೈಯಾರೆ ಬಯಕೆ ಬಡಿಸಲಾಗಲಿಲ್ಲ ಎಂಬ ಸಂಕಟ ಅದಕ್ಕಿಂತ ದೊಡ್ಡದು. ಮಮತಾಳ ಕೈಯಲ್ಲಿ ಕಡುಬು ಕಟ್ಟಿ ಕೊಟ್ಟಿದ್ದೇನೆ, ಬಿಸಿ ಮಾಡಿಕೊಂಡು ತಿನ್ನು. ಭಾರ ಎತ್ತಬೇಡ. ಭೂಮಿತಾಯಿ ದಯೆಯಿಂದ ಎರಡು ಜೀವ ಸುಖವಾಗಿ ಬೇರೆಯಾಗಲಿ.

ನಿನ್ನ ಅವ್ವ,
ಮಂಜಿ

ಮೇಲೆ ಬರೆಯಲು ಕೈ ಬರದೆ ಉಳಿದದ್ದು: ಸತೀಶನಿಗೆ ಹೆಣ್ಣು ನಿಶ್ಚಯವಾಗಿದೆ. ಹೆಣ್ಣಿನ ಕಡೆಯವರು ಮೊನ್ನೆ ಮನೆಗೆ ಬಂದಾಗ ಮಕ್ಕಳೆಷ್ಟು ಎಂದು ಕೇಳಿದರು. ನಿನ್ನ ಅಪ್ಪ “ಒಬ್ಬನೇ” ಅಂದರು. ಬಾಯಿ ಬಿಟ್ಟರೆ ಸತೀಶನ ಮದುವೆ ಮುರಿಯುತ್ತದೆಂದು ನಾನು ಚಹಾ ಕೊಡುತ್ತಾ ಸುಮ್ಮನಿದ್ದೆ. ತುಳಸಿ ಹಬ್ಬ ಕಳೆದ ಮೇಲೆ ಮದುವೆ. ನೀನು ಬರಬೇಡ ಮಗಾ. ಬಂದರೆ, ಇವಳು ಯಾರು ಎಂದು ಅವರು ಕೇಳಿದಾಗ ನಾನು ಏನೆಂದು ಹೇಳಲಿ?