ಖಾಲಿ ದೋಣಿ ಗೇಣು ನೀರಲ್ಲೂ ತೇಲುತ್ತದೆ

ತಾರೀಖು ೧೪, ಮಂಗಳವಾರ
ಮಧ್ಯಾಹ್ನ, ಊಟವಾದ ಮೇಲೆ

ನನ್ನ ಅಕ್ಕನ ಮಗಳು ಚೂಟಿಗೆ ನಿನ್ನ ಮಾವನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಅಂದರೆ ನಾನು ಕ್ಷೇಮ, ನಿನ್ನ ಅತ್ತೆ ಎಂದಿನ ಹಾಗೆ ನನ್ನ ಮೇಲೆ ಸಿಟ್ಟು ಮಾಡಿಕೊಂಡು ಕ್ಷೇಮ. ಅಕ್ಕನ ಕೆಮ್ಮು ಇಳಿಯಿತೇ? ಭಾವನ ಕಾಲು ಹೇಗಿದೆ? ಥಂಡಿ ಗಾಳಿ ಶುರುವಾದರೆ ಆ ಮುರಿದ ಜಾಗ ಹಿಡಿದುಕೊಳ್ಳುತ್ತದೆ. ಬಿಸಿನೀರಿನ ಚೀಲ ನೀನೇ ಇಡು. ನಿನ್ನ ಅಪ್ಪ ಬಾಯಿಬಿಟ್ಟು ಕೇಳುವ ಜನ ಅಲ್ಲ.

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ನಿನ್ನ ಅತ್ತೆ ನನ್ನ ಕನ್ನಡಕದ ಮೇಲೆ ಕೂತುಬಿಟ್ಟಳು. ಕೂತದ್ದೂ ಅವಳೇ, ಬೈದದ್ದೂ ಅವಳೇ. “ಕುರ್ಚಿ ಇರೋದು ಕೂರೋಕೆ ಕಣ್ರೀ, ಕನ್ನಡಕ ಇಡೋಕಲ್ಲ” ಎಂದಳು. ಕಣ್ಣಿಲ್ಲದವನು ಕಾಗದ ಬರೆಯುವುದು ಹೇಗೆ?

ಸರಿ, ಕುಶಲ ಮುಗಿಯಿತು. ಇನ್ನು ಜಗಳ.

ನೀನು ಏನು ಬರೆದಿದ್ದೀಯ ಎಂದು ನಿನಗೆ ನೆನಪಿದೆಯೇ? “ದೋಣಿ ಹೆಚ್ಚುಕಮ್ಮಿ ಆರಿಸಿ ಆಗಿದೆ ಮಾವ, ಹದಿನೆಂಟನೇ ತಾರೀಖು ಶನಿವಾರ ಮಾತು ಕೊಡಬೇಕು. ನಿಮ್ಮನ್ನೂ ಒಂದು ಮಾತು ಕೇಳು ಅಂತ ಅಪ್ಪ ಹೇಳಿದರು.” ಒಂದು ಮಾತು! ಎಂಜಿನ್ ರಿಪೇರಿಯವನನ್ನು ಕೇಳಿದೆಯಂತೆ. ನಿಮ್ಮ ಓಣಿಯ ಮೇಷ್ಟ್ರನ್ನು ಕೇಳಿದೆಯಂತೆ. ಆ ಮೇಷ್ಟ್ರು ಬಚ್ಚಲಿನ ತೊಟ್ಟಿಗೆ ಇಳಿಯುವಾಗಲೂ ಗೋಡೆ ಹಿಡಿದುಕೊಳ್ಳುವ ಮನುಷ್ಯ! ಎಲ್ಲರದೂ ಆದ ಮೇಲೆ, ಊಟ ಮುಗಿದ ಮನೆಗೆ ನೆಂಟ ಬಂದ ಹಾಗೆ, ಕೊನೆಗೆ ನಾನು. ನೀರಿನ ಬಣ್ಣ ನೋಡಿ ಆಳ ಹೇಳುವವನು ಈ ಕೊಲ್ಲಿಯ ಎರಡೂ ದಡದಲ್ಲಿ ಒಬ್ಬನೇ ಇದ್ದಾನೆ, ಅವನು ನಿನ್ನ ಸ್ವಂತ ಸೋದರಮಾವ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ದಡ್ಡನಾಗಿ ಅಲ್ಲ, ಶಾಲೆಯಲ್ಲಿ ಕಲಿಸುವುದು ಮುಗಿದಿತ್ತು ಅಷ್ಟೇ. ನಾನು ಬಲೆ ಬೀಸಿದರೆ ಮೀನುಗಳು ಸಾಲಾಗಿ ನಿಂತು ಬರುತ್ತಿದ್ದವು. ನಗಬೇಡ, ನೋಡಿದವರು ಇನ್ನೂ ಬದುಕಿದ್ದಾರೆ.

ಆಮೇಲೆ ನೀನು ಜೊತೆಗೆ ಮಡಚಿ ಇಟ್ಟಿದ್ದ, ದೋಣಿ ಕಾರ್ಖಾನೆಯವರ ಆ ಬಣ್ಣದ ಕಾಗದ. ಬಿಳಿ ದೋಣಿ, ಅದರ ಮೂತಿಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತ ಒಬ್ಬ ಹೆಂಗಸು. ಅವಳು ಜನ್ಮದಲ್ಲಿ ಮೀನಿನ ಬುಟ್ಟಿ ಮುಟ್ಟಿಲ್ಲ, ಉಗುರು ನೋಡಿದರೆ ಗೊತ್ತಾಗುತ್ತದೆ. ಕೆಳಗೆ ದಪ್ಪ ಅಕ್ಷರದಲ್ಲಿ: “ಒಂದು ಗೇಣು ನೀರಿನಲ್ಲೂ ತೇಲುತ್ತದೆ, ಎಂಥ ಅಲೆಯನ್ನೂ ಸೀಳುತ್ತದೆ.” ಅದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ಅಲ್ಲ ಮಗಳೇ, ಎರಡೂ ಪೂರ್ತಿಯಾಗಿ ಒಂದೇ ದೋಣಿಯಲ್ಲಿ ಸಿಗುವ ಹಾಗಿದ್ದರೆ ನಮ್ಮ ಹಿರಿಯರೆಲ್ಲ ಹುಚ್ಚರೇ? ತಳ ತಟ್ಟೆಯ ಹಾಗೆ ಚಪ್ಪಟೆ ಇದ್ದರೆ ಕಡಿಮೆ ನೀರಲ್ಲಿ ಜಾರಿಕೊಂಡು ಹೋಗುತ್ತದೆ, ಸರಿ. ಅದೇ ದೋಣಿಯನ್ನು ನೀರು ಕಡಲು ಸೇರುವ ಅಳಿವೆಯ ಬಾಯಿಗೆ ಒಯ್ಯಿ. ಒಂದೊಂದು ಅಲೆಗೂ ಧಡ್ ಧಡ್ ಎಂದು ಬಡಿದು ನಿನ್ನ ಹಲ್ಲೆಲ್ಲ ಜೇಬಿಗೆ ಬರುತ್ತವೆ. ತಳ ಕೊಡಲಿಯ ಹಾಗೆ ಚೂಪಿದ್ದರೆ ಅಲೆ ಸೀಳುತ್ತದೆ. ಆದರೆ ಇಳಿತದ ಹೊತ್ತಿಗೆ ಮನೆಗೆ ಬರುವಾಗ ಕೆಸರಿಗೆ ಮೂತಿ ಹಾಕಿ ಎಮ್ಮೆಯ ಹಾಗೆ ಕೂತುಬಿಡುತ್ತದೆ. ನಿಮ್ಮ ಕಡೆ ಎರಡೂ ಇದೆ. ಒಳಗೆ ಒಂದು ಮೈಲಿ ಒಂದೂವರೆ ಗೇಣು ನೀರು, ಹೊರಗೆ ಗಾಳಿಯೂ ಇಳಿತವೂ ಎದುರುಬದುರಾದರೆ ಎದ್ದು ನಿಲ್ಲುವ ಅಲೆ. ಮೂರು ವರ್ಷ ಬೇರೆಯವರ ದೋಣಿಯಲ್ಲಿ ಬಲೆ ಎಳೆದು ನಿನ್ನ ಅಂಗೈ ಗಟ್ಟಿಯಾಗಿದೆ. ಈಗ ಸ್ವಂತದ್ದು ಕೊಳ್ಳುವಾಗ ಬಣ್ಣದ ಕಾಗದ ನೋಡಿ ಕೊಳ್ಳುತ್ತೀಯಾ? ಆ ದೋಣಿಯಲ್ಲಿ ಕೂರುವವಳು ಕಪ್ಪು ಕನ್ನಡಕದವಳಲ್ಲ, ನೀನು.

ಇನ್ನೊಂದು ಸಾಲು ಬರೆದಿದ್ದೀಯ. “ಅವತ್ತು ಅಪ್ಪ ಹೇರು ಜಾಸ್ತಿ ಹಾಕಿದ್ದಕ್ಕೆ ಕಾಲು ಮುರೀತು, ನಾನು ಕಮ್ಮಿ ಹಾಕ್ತೀನಿ, ಹೆದರಬೇಡಿ.” ಅದಕ್ಕೆ ಆಮೇಲೆ ಉತ್ತರ ಕೊಡುತ್ತೇನೆ. ಈಗ ಸಿಟ್ಟು ಬಂದಿದೆ, ಪೆನ್ನು ಕೆಳಗಿಡುತ್ತೇನೆ.

ಗುರುವಾರ, ಸಂಜೆ

ಪೆನ್ನು ಕೆಳಗಿಟ್ಟೆ, ಆದರೆ ಸಿಟ್ಟು ಕೆಳಗಿಡಲು ಆಗಲಿಲ್ಲ. ಇವತ್ತು ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಆ ದೋಣಿ ಕಾರ್ಖಾನೆಗೇ ಹೋದೆ. ಜೊತೆಗೆ ಬಲೆ ಹೆಣೆಯುವ ಗುಂಡನನ್ನು ಕರೆದುಕೊಂಡೆ. ಗುಂಡ ನಿನಗೆ ಗೊತ್ತಲ್ಲ, ಬಸ್ಸಿನಲ್ಲಿ ಎರಡು ಸೀಟಿಗೆ ಒಬ್ಬ. ಅವನನ್ನು ಯಾಕೆ ಒಯ್ದೆ ಎನ್ನುವುದು ಮುಂದೆ ತಿಳಿಯುತ್ತದೆ. ನಿನ್ನ ಮಾವ ಕಾರಣವಿಲ್ಲದೆ ಯಾರಿಗೂ ಬಸ್ಸಿನ ಟಿಕೆಟ್ಟು ತೆಗೆಸುವವನಲ್ಲ.

ಉದ್ದನೆಯ ತಗಡಿನ ಶೆಡ್ಡು. ಒಳಗೆ ಫೈಬರಿನ ಧೂಳು, ಮೂಗಿಗೆ ಹೊಡೆಯುವ ಬಣ್ಣದ ವಾಸನೆ. ಹಿಂದೆ ನೀರಿಗೆ ಇಳಿಯುವ ಜಾರು, ಅದರಾಚೆ ಕೊಲ್ಲಿಯ ಕೆಸರು. ದೋಣಿ ಮಾರುವವನು ಎದುರಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು, ನಗುವಿಗೂ ಇಸ್ತ್ರಿ ಹಾಕಿಸಿದ್ದ. ಬಾಯಿ ತೆರೆದವನೇ ನನ್ನನ್ನು ಏನಂದ ಗೊತ್ತೇ?

“ಬನ್ನಿ ತಾತ, ಬಿಸಿಲಿದೆ, ಒಳಗೆ ಕೂತ್ಕೊಳ್ಳಿ.”

ತಾತ! ನನಗೆ!

“ತಾತ ಆಮೇಲೆ ಕೂತ್ಕೋತಾನೆ. ಮೊದಲು ಆ ಬಿಳಿ ದೋಣಿ ನೀರಿಗೆ ಇಳಿಸಪ್ಪಾ” ಎಂದೆ.

ಇಳಿಸಿದ. ಗುರುತು ಹಾಕಿದ ಕೋಲು ತಂದು ಪಕ್ಕದಲ್ಲಿ ಹಿಡಿದು, ದೋಣಿ ಎಷ್ಟು ಮುಳುಗಿದೆ ಎಂದು ತೋರಿಸಿದ. ನಿಜ ಹೇಳಬೇಕು, ಸರಿಯಾಗಿ ಒಂದು ಗೇಣು. ಹಂಸದ ಹಾಗೆ ನಿಂತಿತ್ತು. ಇಸ್ತ್ರಿಯವನು ಕೈ ಕಟ್ಟಿಕೊಂಡು, “ನೋಡಿದ್ರಲ್ಲ? ನಾವು ಬರೆಯೋದು ಒಂದು, ಮಾಡೋದು ಒಂದು ಅಲ್ಲ” ಎಂದ.

“ಹೊಟ್ಟೆ ಖಾಲಿ ಇದ್ರೆ ನಮ್ಮ ಗುಂಡನೂ ಹಗುರಾನೇ” ಎಂದೆ. “ಹೇರು ಹಾಕಿ ತೋರಿಸು.”

“ಟ್ರಯಲ್‌ಗೆ ಹೇರು ಹಾಕಲ್ಲ ಸರ್. ಯಾರೂ ಹಾಕಿಸಲ್ಲ. ಎಲ್ಲ ಖಾಲಿ ನೋಡೇ ತಗೊಂಡು ಹೋಗ್ತಾರೆ.”

“ಮೀನು ಹಿಡಿಯೋಕೆ ಹೋಗೋರು ಖಾಲಿ ದೋಣಿ ತಗೊಂಡು ಹೋಗಿ ಖಾಲಿ ವಾಪಸ್ ಬರ್ತಾರಾ? ಹಾಗಿದ್ರೆ ಮನೇಲೇ ಮಲಗಬಹುದಲ್ಲ!”

ಹೀಗೆನ್ನುತ್ತಲೇ ನಾನು ಕೆಲಸ ಶುರು ಮಾಡಿದೆ. ಶೆಡ್ಡಿನ ಮೂಲೆಯಲ್ಲಿ ಮರಳಿನ ಚೀಲಗಳಿದ್ದವು. ಐಸು ಪೆಟ್ಟಿಗೆ ಮೂರರ ಬದಲಿಗೆ ಮರಳು, ಎರಡು ಒದ್ದೆ ಬಲೆಯ ಬದಲಿಗೆ ಇನ್ನಷ್ಟು ಮರಳು, ಎಣ್ಣೆ ಡಬ್ಬಕ್ಕೆ ನೀರು ತುಂಬಿಸಿದೆ. ಕೊನೆಗೆ “ಗುಂಡಾ, ಹಿಂದೆ ಹೋಗಿ ಕೂತ್ಕೋ” ಎಂದೆ. ಎಂಜಿನ್ ಹತ್ತಿರ ಒಬ್ಬರು ಕೂರಲೇಬೇಕಲ್ಲ. ಗುಂಡ ಕೂತ. ದೋಣಿ ನಿಟ್ಟುಸಿರು ಬಿಟ್ಟಿತು. ಕೋಲು ನೋಡಿದರೆ ಒಂದೂವರೆ ಗೇಣು ದಾಟಿ ಮೇಲೆ ಎರಡು ಬೆರಳು! ನೀರು ತಳ್ಳುವ ಎಂಜಿನಿನ ಫ್ಯಾನು ಅದಕ್ಕಿಂತ ಕೆಳಗೆ. ನಾನು ಗಳ ಹಾಕಿ ನೂಕಿದೆ. ದೋಣಿ ಮೂರು ಮಾರು ಹೋಗಿ ಹಿಂಭಾಗ ಕೆಸರಿಗೆ ಕಚ್ಚಿ ನಿಂತಿತು. ಇನ್ನೊಂದು ಸಲ ನೂಕಿದೆ, ಗಳ ಮುರಿಯಿತು. “ಏನು ಮಾಡ್ಲಿ, ನಾನು ಇಳಿದ್ರೆ ನಾನೂ ಹೂತುಹೋಗ್ತೀನಿ” ಎಂದು ಗುಂಡ ಅಲ್ಲಿಂದಲೇ ಕೂಗಿದ. ಕೊನೆಗೆ ಇಸ್ತ್ರಿಯವನೇ ಪ್ಯಾಂಟು ಮೇಲೆತ್ತಿಕೊಂಡು ಮೊಣಕಾಲುದ್ದ ಕೆಸರಿಗೆ ಇಳಿದು ದೂಡಬೇಕಾಯಿತು. ಆಹಾ ಚೂಟಿ, ನೀನು ಇರಬೇಕಿತ್ತು!

ಅವನಿಗೂ ನನಗೂ ಜೋರು ಮಾತಾಯಿತು. “ಹುಡುಗಿ ಪ್ರಾಣ ಇಟ್ಕೊಂಡು ಹೋಗೋ ಸಾಮಾನಿದು. ಅವಳಿಗೆ ಹೇರಿನ ಲೆಕ್ಕ ಯಾಕೆ ಹೇಳಲಿಲ್ಲ? ನಾಚಿಕೆ ಆಗಲ್ವಾ?” ಎಂದು ಶೆಡ್ಡಿನಲ್ಲಿದ್ದವರೆಲ್ಲ ಕೆಲಸ ಬಿಟ್ಟು ನೋಡುವ ಹಾಗೆ ಕೂಗಿದೆ. ಅವನು ಕೆಸರಿನಲ್ಲಿ ನಿಂತಲ್ಲೇ ಬೆವರು ಒರೆಸಿಕೊಂಡು, ಜಗಳಕ್ಕಲ್ಲ, ತಿಳಿದುಕೊಳ್ಳಲು ಎನ್ನುವ ಹಾಗೆ ಕೇಳಿದ:

“ನೀವು ಇಷ್ಟು ತಿಳಿದೋರು ಸರ್. ನಿಮ್ಮ ಕಾಲದಲ್ಲಿ ದೋಣಿ ಆರಿಸುವಾಗ ಹೇರು ಹಾಕಿ ನೋಡ್ತಿದ್ರಾ?”

ನನಗೆ ಕಿವಿ ಕೇಳಿಸಲಿಲ್ಲ ಎಂದು ನಟಿಸಿದೆ. ತಾತ ಎಂದಿದ್ದನಲ್ಲ, ತಾತಂದಿರಿಗೆ ಕಿವಿ ಮಂದ.

ಈಗ ಕೆಲಸದ ಮಾತು. ಶೆಡ್ಡಿನ ಹಿಂದೆ ಇನ್ನೊಂದು ದೋಣಿ ಮಗುಚಿ ಇಟ್ಟಿದ್ದರು. ಮಾಸಿದ ಹಸಿರು, ಬಣ್ಣದ ಕಾಗದದಲ್ಲಿ ಅದರ ಚಿತ್ರವೇ ಇಲ್ಲ. ನಾನು ಹೊಟ್ಟೆಯ ಮೇಲೆ ಕೈಯಾಡಿಸಿ ನೋಡಿದೆ. ಮೂತಿಯ ಕಡೆ ಚೂಪು. ನಡುವಿನಿಂದ ಹಿಂದಕ್ಕೆ ಬರುತ್ತಾ ಬರುತ್ತಾ ಚಪ್ಪಟೆ. ಹಿಂಭಾಗ ಅಗಲ, ಗುಂಡ ಕೂತರೂ ಕುಸಿಯದ ಹಾಗೆ. ಫ್ಯಾನು ತಳದ ಕೆಳಗೆ ನೇತಾಡದ ಹಾಗೆ ಅಲ್ಲೊಂದು ತೋಡು ಬಿಟ್ಟಿದ್ದಾರೆ. ಮುಂದಿನ ಅಂಚು ಎತ್ತರ, ಅಲೆ ಒಳಗೆ ಹಾರದಂತೆ. ಹಿಂದಿನದು ತಗ್ಗು, ಬಲೆ ಎಳೆಯುವಾಗ ನಿನ್ನ ಸೊಂಟ ಬಾಗದಂತೆ.

ಖಾಲಿ ಇರುವಾಗ ಇದು ಆ ಬಿಳಿಯದಕ್ಕಿಂತ ಒಂದು ಬೆರಳು ಹೆಚ್ಚೇ ಮುಳುಗುತ್ತದೆ. ಮೋಸ ಇರುವುದು ಅಲ್ಲೇ! ಖಾಲಿ ಪರೀಕ್ಷೆಯಲ್ಲಿ ಸೋಲುವುದು ಒಳ್ಳೆಯ ದೋಣಿ. ಅದೇ ಮರಳು, ಅದೇ ನೀರು, ಅದೇ ಗುಂಡನನ್ನು ಹಾಕಿದೆ. ಒಂದು ಗೇಣು ನಾಲ್ಕು ಬೆರಳಿಗೆ ನಿಂತಿತು. ಕೆಸರಿನ ಮೇಲೆ ಜಾರಿಕೊಂಡು ಹೋಯಿತು. ಮಧ್ಯಾಹ್ನ ಗಾಳಿ ಎದ್ದ ಮೇಲೆ ಅಳಿವೆಯ ಬಾಯಿಗೂ ಒಯ್ದೆವು. ಭುಜ ಒದ್ದೆಯಾಯಿತು, ಗುಂಡನ ಟೋಪಿ ನೀರುಪಾಲಾಯಿತು, ಆದರೆ ಸೊಂಟ ಮುರಿಯುವ ಹಾಗೆ ಬಡಿಯಲಿಲ್ಲ. ಇದು ಯಾವುದರಲ್ಲೂ ಫಸ್ಟ್ ಬರುವ ದೋಣಿ ಅಲ್ಲ ಮಗಳೇ. ನನ್ನ ಹಾಗೆ, ಎಲ್ಲದರಲ್ಲೂ ಪಾಸಾಗುತ್ತದೆ, ಅಷ್ಟೇ. ಆದರೆ ಕೊಲ್ಲಿಯಲ್ಲಿ ಮನೆಗೆ ವಾಪಸ್ ಬರುವುದು ಅಂಥದ್ದೇ.

ಗಾಳಿ ತೀರಾ ಜೋರಿದ್ದ ದಿನ ಯಾವ ದೋಣಿಯೂ ಬೇಡ, ಹಾಸಿಗೆಯೇ ಒಳ್ಳೆಯದು. ಶನಿವಾರ ನಾನೂ ಆ ಶೆಡ್ಡಿಗೆ ಬರುತ್ತೇನೆ. ನೀನೂ ನಿನ್ನ ಕಣ್ಣೆದುರಿಗೇ ಹೇರು ಹಾಕಿಸಿ, ಕೋಲು ಹಿಡಿದು ಅಳೆದು, ಆಮೇಲೆ ಮಾತು ಕೊಡು. ನಾನು ಹೇಳಿದೆ ಎಂದು ಕೊಡಬೇಡ. ಅಂಚೆಗೆ ಹಾಕಿದರೆ ಇದು ನಿನಗೆ ಸೋಮವಾರ ಸಿಗುತ್ತದೆ, ಅದಕ್ಕೆ ಗುಂಡನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನಿಗೆ ಹೊಟ್ಟೆ ತುಂಬ ಊಟ ಹಾಕು, ಹೊಸ ಟೋಪಿ ಕೊಡಿಸುವುದು ನನ್ನ ಜವಾಬ್ದಾರಿ.

ನಿನ್ನ ದೋಣಿಗೆ ಯಾವಾಗಲೂ ಅಡಿಯಲ್ಲಿ ನೀರಿರಲಿ, ಒಳಗೆ ಮೀನಿರಲಿ. ನಿನಗೆ ನೂರು ವರ್ಷ ಗಟ್ಟಿ ಕೈಕಾಲು ಇರಲಿ. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ,
(ತಾತ ಅಲ್ಲದ)
ಮಾವ

ತಾಜಾಕಲಂ: ಭಾವನಿಗೆ ನಮಸ್ಕಾರ ಎಂದು ಮೇಲೆ ಬರೆಯಲಿಲ್ಲ, ನೋಡಿದೆಯಾ? ಬರೆಯಲು ಹೋಗಿ ನಿಲ್ಲಿಸಿದೆ. ಮೊದಲು ಇದನ್ನು ಹೇಳಬೇಕು.

ಹತ್ತೊಂಬತ್ತು ವರ್ಷದ ಹಿಂದೆ ನಿನ್ನ ಅಪ್ಪ ಆ ನೀಲಿ ದೋಣಿಗೆ ಹೇರಿದ್ದು ಮೂರು ಪೆಟ್ಟಿಗೆ ಐಸು, ಎರಡು ಬಲೆ, ಒಬ್ಬ ಜೊತೆಗಾರ. ಎಲ್ಲರೂ ದಿನವೂ ಹೇರುವಷ್ಟೇ. ಒಂದು ಚೂರೂ ಜಾಸ್ತಿ ಇರಲಿಲ್ಲ. ಆ ದೋಣಿ ಆರಿಸಿದವನು ನಾನು. ಖಾಲಿ ದೋಣಿಯನ್ನು ಗೇಣು ನೀರಿನಲ್ಲಿ ತೇಲಿಸಿ, “ಭಾವ, ಕಣ್ಣು ಮುಚ್ಚಿ ತಗೊಳ್ಳಿ” ಎಂದೆ. ಅವರು ಕಣ್ಣು ಮುಚ್ಚಿ ತೆಗೆದುಕೊಂಡರು. ಎಂಟನೇ ದಿನ ಅಳಿವೆಯ ಬಾಯಿಯ ದಿಬ್ಬಕ್ಕೆ ತಳ ಕಚ್ಚಿತು, ಹಿಂದಿನಿಂದ ಬಂದ ಅಲೆ ದೋಣಿಯನ್ನು ಅಡ್ಡ ತಿರುಗಿಸಿತು, ಕಲ್ಲಿಗೂ ದೋಣಿಗೂ ನಡುವೆ ಅವರ ಕಾಲು ಸಿಕ್ಕಿತು. ಆಸ್ಪತ್ರೆಯ ಬೆಂಚಿನಲ್ಲಿ ಜನ “ಹೇಗಾಯ್ತು?” ಎಂದು ಕೇಳಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು, “ಹೇರು ಜಾಸ್ತಿ ಆಯ್ತು.” ಒಳಗೆ ಭಾವನಿಗೆ ಎಚ್ಚರವಿತ್ತು, ಬಾಗಿಲು ತೆರೆದಿತ್ತು. ಆಮೇಲೆ ದಡದಲ್ಲೆಲ್ಲ ಅದು ಗಾದೆಯಾಯಿತು, ಭಾವನ ಹೆಸರು ಹಿಡಿದು “ಅವನ ಹಾಗೆ ಹೇರಬೇಡ” ಅಂತ. ಆ ಮಾತಿಗೆ ನಾನೂ ನಕ್ಕಿದ್ದೇನೆ. ನೀನು ಅದನ್ನೇ ನಂಬಿ ಬೆಳೆದಿದ್ದೀಯ. ಅವರು ಒಂದು ದಿನವೂ ತಿದ್ದಲಿಲ್ಲ. ಈಗ ಮಗಳ ದೋಣಿಗೂ ‘ಮಾವನ್ನ ಒಂದು ಮಾತು ಕೇಳು’ ಎಂದರಂತೆ.

ಕನ್ನಡಕ ಮೂರನೇ ದಿನವೇ ಸರಿಯಾಗಿ ಬಂದಿತ್ತು, ಚೂಟಿ. ಉಳಿದ ದಿನವೆಲ್ಲ ನಿನ್ನ ಕಾಗದದ ಆ ಒಂದು ಹೇರಿನ ಸಾಲು ನೋಡುತ್ತಾ ಕೂತಿದ್ದೆ.

ಈ ಹಾಳೆಯನ್ನು ಅವರ ಮುಂದೆ ಗಟ್ಟಿಯಾಗಿ ಓದು. ದಡದಲ್ಲಿ ನಾಲ್ಕು ಜನ ಇರುವಾಗ ಓದಿದರೆ ಇನ್ನೂ ಒಳ್ಳೆಯದು. ಶನಿವಾರ ಅವರನ್ನೂ ಕರೆದುಕೊಂಡು ಬಾ. ಬಂದರೆ ಜಾರಿನ ಹತ್ತಿರ ಕುರ್ಚಿ ಹಾಕಿಸಿರುತ್ತೇನೆ. ಹೇರು ಎಷ್ಟು ಎಂದು ಅವರು ಹೇಳಲಿ. ಚೀಲ ನಾನು ಹೊರುತ್ತೇನೆ.