ತುದಿಯಲ್ಲಿ ಒಂದು ಗಂಟೆ

ಪ್ರಿಯ ಸೇಸಮ್ಮ,

ನೀನು ತೀರಿಕೊಂಡು ಎರಡು ವರ್ಷವಾಯಿತು, ಇದನ್ನು ಯಾವ ವಿಳಾಸಕ್ಕೆ ಹಾಕಲಿ? ಆದರೂ ಹೇಳಬೇಕು. ಮುಂದಿನ ತಿಂಗಳು ಮಗಳು ಅನಿಷಾ ನನ್ನನ್ನು ಬಾಲಿಯ ಜ್ವಾಲಾಮುಖಿ ಬೆಟ್ಟಕ್ಕೆ ಕರೆದೊಯ್ಯುತ್ತಾಳೆ. ಇವತ್ತು ಇಬ್ಬರೂ ಕೂತು ಆ ದಿನದ ಪಟ್ಟಿ ಬರೆದೆವು. ಅವಳು ಬೆಳಗ್ಗಿನಿಂದ ಶುರುಮಾಡಿದಳು. ನಾನು ಹಾಳೆಯ ಕೆಳಗೆ ‘ಸೂರ್ಯಾಸ್ತಕ್ಕೆ ಮೊದಲು ಊಟ’ ಎಂದು ಬರೆದು, ಅಲ್ಲಿಂದ ಮೇಲಕ್ಕೆ ಗಂಟೆ ಎಣಿಸಿದೆ. ಮೂಡುಬಿದಿರೆಯ ಶಾಲೆಯಲ್ಲಿ ನಾವಿಬ್ಬರೂ ಟೀಚರಾಗಿದ್ದಾಗ ಪ್ರತಿ ಪ್ರವಾಸಕ್ಕೂ ನೀನು ಹೀಗೆಯೇ ಬರೆಯುತ್ತಿದ್ದೆ. ಜೈನಳಲ್ಲದ ನೀನು ನನ್ನ ನಿಯಮವನ್ನು ನನಗಿಂತ ಚೆನ್ನಾಗಿ ಕಾಯುತ್ತಿದ್ದೆ.

ಗಡಾಯಿಕಲ್ಲು ಬೆಟ್ಟ ಹತ್ತಿದ ದಿನ ತುದಿ ಕಣ್ಣೆದುರೇ ಇತ್ತು. ಬುತ್ತಿಯನ್ನು ನಾನು ಕೆಳಗೆ ಜೀಪಿನಲ್ಲೇ ಮರೆತಿದ್ದೆ.

“ಇಳಿಯುವ, ಮಾರಾಯ್ತಿ, ಹೊತ್ತು ಮುಳುಗಿದ್ರೆ ನಿನಗೆ ಉಪವಾಸ. ಕಲ್ಲು ಎಲ್ಲಿಗೂ ಓಡಿ ಹೋಗುದಿಲ್ಲ” ಎಂದು ನೀನೇ ಮೊದಲು ತಿರುಗಿದೆ. ನಾನು ಹೊತ್ತಿಗೆ ಸರಿಯಾಗಿ ಉಂಡೆ.

ಕಲ್ಲು ಈಗಲೂ ಅಲ್ಲೇ ಉಂಟು. ನಾವಿಬ್ಬರೂ ಮತ್ತೆ ಅಲ್ಲಿಗೆ ಹೋಗಲೇ ಇಲ್ಲ.

ಬಾಲಿಯ ಪಟ್ಟಿಯಲ್ಲಿ ತುದಿಗೆಂದು ಒಂದು ಗಂಟೆ ಹೆಚ್ಚು ಇಟ್ಟಿದ್ದೇನೆ. “ಅಷ್ಟು ಹೊತ್ತು ಅಲ್ಲಿ ಎಂತ ಮಾಡ್ಲಿಕ್ಕುಂಟಮ್ಮ?” ಎಂದಳು ಅನಿಷಾ. ನಾನು ಆ ಗಂಟೆಯ ಕೆಳಗೆ ಒಂದು ಗೆರೆ ಎಳೆದೆ.

ಈ ಸಲ ಬುತ್ತಿ ನನ್ನ ಹೆಗಲಲ್ಲೇ ಇರುತ್ತದೆ. ಇಳಿಯುವ ಅವಸರವಿಲ್ಲ, ಮಾರಾಯ್ತಿ.

ನಿನ್ನ
ವಿಮಲಾ