ಕವಿತೆಯ ತರಗತಿಯ ಕೊನೆಯ ಕುರ್ಚಿ

ಟುಲೇರಿ, ಕ್ಯಾಲಿಫೋರ್ನಿಯಾ
ಜೂನ್ ೧೪, ಭಾನುವಾರ

ಆನರ್ಸ್ ಕಾರ್ಯಕ್ರಮದ ಮಾನ್ಯ ನಿರ್ದೇಶಕಿಯವರೇ, ಕನಸು ಹೊತ್ತು ಬಂದಿರುವ ಹೊಸ ವಿದ್ಯಾರ್ಥಿಗಳೇ, ಪುಕ್ಕಟೆ ಪಿಜ್ಜಾ ಇದೆಯೆಂದು ಮಾತ್ರ ಬಂದು ಹಿಂದಿನ ಸಾಲು ಹಿಡಿದಿರುವ ಮಹಾಜನರೇ! ನಮ್ಮೂರ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ದಾಟಬೇಕೆನ್ನುವವರಿಗೆ ಆನರ್ಸ್ ಕೈಹಿಡಿಯುತ್ತದೆಯೇ ಎಂಬ ಗಹನ ಪ್ರಶ್ನೆಗೆ ಉತ್ತರ ಹೇಳಲು, ಮೊದಲು ಸೇನೆಯಲ್ಲಿ ಬೂಟು ಸವೆಸಿ ಆಮೇಲೆ ಚೀಸ್ ಕಾರ್ಖಾನೆಯಲ್ಲಿ ಬೆನ್ನು ಸವೆಸಿದ ಈ ನಲವತ್ತೈದರ ತರುಣ ತಮ್ಮ ಮುಂದೆ ನಿಂತಿದ್ದಾನೆ…

ಪ್ರೀತಿಯ ಫೀನಾ,

ಗಾಬರಿಯಾಗಬೇಡ, ಅಪ್ಪನಿಗೆ ತಲೆ ಕೆಟ್ಟಿಲ್ಲ. ಗುರುವಾರ ಹೊಸಬರ ಮುಂದೆ ನಾನು ಇಂಥದ್ದೊಂದು ಭಾಷಣ ಮಾಡಬೇಕಂತೆ. ಬೆಳಿಗ್ಗೆಯಿಂದ ಬರೆಯುತ್ತಿದ್ದೇನೆ, ಇಷ್ಟರಿಂದಾಚೆ ಪೆನ್ನು ಓಡುತ್ತಿಲ್ಲ. ಅದೇ ಹಾಳೆಯಲ್ಲಿ ನಿನಗೆ ಬರೆಯಲು ಕೂತೆ. ಓವನ್ನಿನ ತಟ್ಟೆ ತಗುಲಿ ಸುಟ್ಟಿದ್ದ ಮಣಿಕಟ್ಟು ಮಾಗಿತೇ? ನಸುಕಿಗೇ ಎದ್ದು ಹಿಟ್ಟು ನಾದುತ್ತೀಯಂತೆ, ಹೊಟ್ಟೆಗೇನಾದರೂ ಹಾಕಿಕೊಂಡು ನಿಲ್ಲುತ್ತೀಯೋ ಇಲ್ಲವೋ? ಇನೇಸ್ ಅತ್ತೆ ನನ್ನ ತಂಗಿಯೇ ಆದರೂ ಹೇಳುತ್ತೇನೆ, ಅವಳ ಬೇಕರಿಯಲ್ಲಿ ಬ್ರೆಡ್ಡಿಗೆ ಸಿಗುವಷ್ಟು ವಿಶ್ರಾಂತಿ ಮನುಷ್ಯರಿಗೆ ಸಿಗುವುದಿಲ್ಲ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ನೀನು “ಹೂಂ” ಎಂದು ಇಟ್ಟುಬಿಡುತ್ತೀ. ಕಾಗದಕ್ಕಾದರೆ ಹೂಂಗುಟ್ಟುವ ಹಾಗಿಲ್ಲ.

ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಕೋಣೆಯ ಕಿಟಕಿಗೆ ಹೊಸ ಪರದೆ ಹೊಲಿದಿದ್ದಾಳೆ, ಯಾಕೆ ಅಂತ ನಾನು ಕೇಳಿಲ್ಲ. ಅಜ್ಜಿಯ ಮಂಡಿನೋವು ಹಾಗೇ ಇದೆ, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ. ನನಗೆ ವಿಶ್ವವಿದ್ಯಾಲಯದಿಂದ ಕರೆ ಬಂದ ಮೇಲೆ ಇಗರ್ಜಿಯ ಬಾಗಿಲಲ್ಲಿ ಎಲ್ಲರೂ ನನ್ನ ಕೈ ಕುಲುಕಿದರಲ್ಲ, ಅಜ್ಜಿ ಪಕ್ಕದಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ, “ನೋಡ್ರೇ ನನ್ ಮಗನ್ನ, ಮಗಳನ್ನ ಬೇಕರೀಲಿ ನಿಲ್ಸಿ ತಾನು ಬ್ಯಾಗ್ ಹಾಕ್ಕೊಂಡು ಹೊರಟವ್ನೆ” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂದಿನಿಂದ ಪೂಜೆ ಮುಗಿಯುತ್ತಲೇ ಪಕ್ಕದ ಬಾಗಿಲಿಂದ ಹೊರಗೆ ಬರುತ್ತಿದ್ದೇನೆ.

ಈಗ ಆ ಗಹನ ಪ್ರಶ್ನೆಗೆ ಬರೋಣ. ಏಪ್ರಿಲಿನಲ್ಲಿ ವಿಶ್ವವಿದ್ಯಾಲಯದಿಂದ ನಿನಗೆ ಸೀಟಿಲ್ಲವೆಂದು ಉತ್ತರ ಬಂದ ದಿನ ನೀನು ಹೇಳಿದ್ದು ನೆನಪಿದೆ: “ಓದೋ ತಲೆ ಇದ್ರೆ ಆನರ್ಸ್ ಮುದ್ರೆ ಯಾಕಪ್ಪಾ ಬೇಕು? ಟೌ ಅದಿಲ್ದೇನೇ ಹೋದ ನೋಡು. ನಂಗೆ ತಲೆ ಇಲ್ಲ, ಅಷ್ಟೇ.” ಆ ವಾರವೇ ನೀನು ಪುಸ್ತಕಗಳನ್ನು ಮಾರಿ ಅತ್ತೆಯ ಊರಿನ ಬಸ್ಸು ಹತ್ತಿದೆ. ನಿನ್ನ ಸಹಪಾಠಿ ಟೌ ಆನರ್ಸ್ ಇಲ್ಲದೆಯೇ ವಿಶ್ವವಿದ್ಯಾಲಯಕ್ಕೆ ಹೋದದ್ದು ನಿಜ. ಅವನ ಹಾಗೆ ಹೋಗುವವರು ಪ್ರತಿವರ್ಷ ಇದ್ದಾರೆ. ಆದರೆ ನನ್ನನ್ನೇ ನೋಡು. ರಸಾಯನಶಾಸ್ತ್ರದಲ್ಲಿ ನಿನ್ನ ಅಂಕ ನನಗಿಂತ ಹೆಚ್ಚು, ಗಣಿತದಲ್ಲಂತೂ ನನಗೆ ಪಾಠ ಹೇಳಿದವಳೇ ನೀನು. ಇಬ್ಬರೂ ಕೂತದ್ದು ಅವೇ ತರಗತಿಗಳಲ್ಲಿ, ಅರ್ಜಿ ಹಾಕಿದ್ದು ಅದೇ ವಿಶ್ವವಿದ್ಯಾಲಯಕ್ಕೆ. ನನಗೆ ಬೇಕಾದ ಐದು ಆನರ್ಸ್ ಕೋರ್ಸು ಮುಗಿದು ನಿರ್ದೇಶಕಿಯ ಸಹಿ ಬಿತ್ತು, ನಿನ್ನದು ನಾಲ್ಕಕ್ಕೆ ನಿಂತಿತು. ಸಹಿ ಇದ್ದ ಅರ್ಜಿಗಳನ್ನು ಅಲ್ಲಿ ಇನ್ನೊಮ್ಮೆ ತೆಗೆದು ಓದುತ್ತಾರೆ. ಆನರ್ಸ್ ಓದಿನಿಂದ ನಾನೇನೂ ನಿನಗಿಂತ ಜಾಣನಾಗಲಿಲ್ಲ, ಎರಡು ಪ್ರಬಂಧ ಹೆಚ್ಚು ಬರೆದೆ. ನೆರವಾದದ್ದು ಅರ್ಜಿಗೆ ಸಿಕ್ಕ ಆ ಎರಡನೆಯ ಓದು. ಸೀಟು ಸಿಕ್ಕವನಿಗೆ ಸೂಟು, ಸಿಗದವಳಿಗೆ ಗೇಟು. (ಪ್ರಾಸ ಬಿಡೋದಿಲ್ಲ ಅಂತ ಬೈಯಬೇಡ, ಈ ವಯಸ್ಸಿನಲ್ಲಿ ಹೋಗುವ ಚಾಳಿಯಲ್ಲ.)

ಜನವರಿಯಲ್ಲಿ ನಿನ್ನ ಐದನೆಯದಕ್ಕೆ ಉಳಿದಿದ್ದದ್ದು ಕವಿತೆಯ ತರಗತಿಯೊಂದೇ, ಇನ್ನೊಂದು ನಿನ್ನ ಲ್ಯಾಬಿನ ಹೊತ್ತಿಗೇ ಬರುತ್ತಿತ್ತು. ಸೇನೆಯಿಂದ ಬಂದವರು ಎಲ್ಲರಿಗಿಂತ ಮೊದಲು ಹೆಸರು ಹಚ್ಚಬಹುದು ಎಂಬುದು ಕಾಲೇಜಿನ ನಿಯಮ, ಹಾಗಾಗಿ ನನಗೆ ಕುರ್ಚಿ ಸಿಕ್ಕಿತು. ನಿನ್ನ ಸರದಿ ಬರುವಷ್ಟರಲ್ಲಿ ತರಗತಿ ತುಂಬಿ, ಕಾಯುವವರ ಸಾಲಿನಲ್ಲಿ ನೀನು ಮೊದಲಿಗಳಾದೆ. ಯಾರಾದರೂ ಬಿಟ್ಟಾರೆಂದು ಎರಡು ವಾರ ಬಂದು ಬಾಗಿಲ ಬಳಿ ನೆಲದ ಮೇಲೆ ಕೂತೆ. ಮೇಷ್ಟ್ರು ದಿನಾ, “ಯಾರಾದ್ರೂ ಬಿಡೋರಿದ್ರೆ ಹೇಳ್ರಪ್ಪಾ, ಇಲ್ಲೊಂದು ಹುಡುಗಿ ನೆಲ ಬೆಚ್ಚಗೆ ಮಾಡ್ತಿದ್ದಾಳೆ” ಎನ್ನುತ್ತಿದ್ದರು. ಯಾರೂ ಬಿಡಲಿಲ್ಲ. ಕೊನೆಯ ದಿನ ವ್ಯಾನಿನಲ್ಲಿ ಮನೆಗೆ ಬರುವಾಗ ನೀನು, “ಅಪ್ಪಾ, ನಿಂಗೆ ಅದು ಬೇಕೇಬೇಕಾ?” ಎಂದು ಕೇಳಿದೆ. “ಬೇಕಲ್ಲ ಮಗಳೇ, ಅದಿಲ್ದಿದ್ರೆ ನಂದೂ ನಾಲ್ಕೇ ಆಗುತ್ತೆ” ಎಂದೆ. ಮರುದಿನದಿಂದ ನೀನು ಆ ತರಗತಿಯ ಕಡೆ ಬರಲಿಲ್ಲ. ಅದೃಷ್ಟ ಅಂದುಕೊಳ್ಳೋಣ.

ನಿರ್ದೇಶಕಿ ಕ್ವಿಂಟಾನಾ ಮೊನ್ನೆ ನನ್ನನ್ನು ತಡೆದು ನಿಲ್ಲಿಸಿದರು. “ಭಾಷಣ ಇರ್ಲಿ ಅಡೆಲಿನೊ, ನಿಮ್ ಮಗಳೆಲ್ಲಿ? ಆಗಸ್ಟಲ್ಲಿ ಬಂದು ಆ ಒಂದು ಕೋರ್ಸ್ ಮುಗಿಸ್ಲಿ, ಹೊಸದಾಗಿ ಅರ್ಜಿ ಹಾಕ್ಲಿ, ಸಹಿ ನಾನ್ ಹಾಕ್ತೀನಿ. ಅವಳು ಹಿಟ್ಟು ನಾದೋಕೆ ಹುಟ್ಟಿದ ಹುಡುಗಿ ಅಲ್ಲ” ಎಂದರು. ಹೆಸರು ಹಚ್ಚುವುದು ಇಪ್ಪತ್ತೆರಡನೆಯ ತಾರೀಕು, ಸೋಮವಾರ ಶುರು. ಊರಿಗೆ ಬಂದೇ ಹಚ್ಚುವೆನೆಂದು ಕಾಯಬೇಡ, ಅಲ್ಲಿಂದಲೇ ಫೋನಿನಲ್ಲಿ ಹಚ್ಚು. ವಾಪಸು ಬಾ ಫೀನಾ. ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟಿನಲ್ಲೇ ಬಾ. ಆಗಸ್ಟಿಗೆ ನಾನು ಹೇಗೂ ಇಲ್ಲಿರುವುದಿಲ್ಲ, ನನ್ನ ಮುಖ ನೋಡುವ ಕಷ್ಟವೂ ಇರುವುದಿಲ್ಲ.

ಇನೇಸಳಿಗೆ ನೆನಪು ಹೇಳು. ಅಜ್ಜಿ ನಿನ್ನ ಹೆಸರಿನಲ್ಲಿ ದಿನವೂ ಜಪಮಣಿ ಎಣಿಸುತ್ತಾಳೆ. ದೇವರು ನಿನ್ನ ಕೈ, ಕಣ್ಣು, ತಲೆ ಎಲ್ಲವನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಅಡೆಲಿನೊ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ. ಅದೃಷ್ಟ ಅಲ್ಲ. ನನ್ನ ಐದೂ ಡಿಸೆಂಬರಿನಲ್ಲೇ ಮುಗಿದಿದ್ದವು, ಕವಿತೆಯದು ಆರನೆಯದು. ಅದು ನನಗೆ ಬೇಕಿರಲಿಲ್ಲ. ಕಾಯುವವರಲ್ಲಿ ನೀನೇ ಮೊದಲಿಗಳೆಂದು ಗೊತ್ತಿದ್ದೂ ಎದ್ದು ಹೋಗಲಿಲ್ಲ. ವ್ಯಾನಿನಲ್ಲಿ ನಿನಗೆ ಸುಳ್ಳು ಹೇಳಿದೆ, ಮನೆಗೆ ಬಂದು ಅಮ್ಮನಿಗೂ ಅದನ್ನೇ ಹೇಳಿದೆ. ತಲೆ ಇಲ್ಲವೆಂದು ನೀನು ನಂಬಿಕೊಂಡು ಕೂತಿರುವುದು ಆ ಸುಳ್ಳಿನ ಮೇಲೆ. ಮೊದಲ ವಾರ ನಾನು ಕಾರ್ಖಾನೆಯ ಬಗ್ಗೆ ಬರೆದದ್ದನ್ನು ಮೇಷ್ಟ್ರು ಗಟ್ಟಿಯಾಗಿ ಓದಿದರಲ್ಲ, “ಮೈಯೆಲ್ಲ ಮೊಸರು, ಬೂಟೆಲ್ಲ ಕೆಸರು, ಸಂಬಳದ ಚೀಟಿಯಲಿ ಮಾತ್ರ ನನ್ನ ಹೆಸರು” ಅಂತ. ಇಡೀ ತರಗತಿ ನಕ್ಕಿತು. ನೆಲದ ಮೇಲೆ ಕೂತು ನೀನೂ ನಕ್ಕೆ. ಹಾಗೆ ಇನ್ನಷ್ಟು ದಿನ ನಗಿಸಬೇಕು ಅನ್ನಿಸಿತು. ಕಾರಣ ಅಷ್ಟೇ ಮಗಳೇ, ಬೇರೆ ಏನೂ ಇಲ್ಲ.